ಬಾಯಿಬಿಟ್ಟು ಹೇಳಬೇಕಾದದ್ದು

ಹನ್ನೊಂದನೆಯ ನಂಬರಿನ ಮನೆಯನ್ನು ಪಕೀರಪ್ಪ ಬಿಟ್ಟು ಮುಂದೆ ಹೋದದ್ದು ಮರೆತು ಅಲ್ಲ. ಹತ್ತನೆಯದನ್ನು ಬರೆದಿದ್ದ, ಹನ್ನೆರಡನೆಯದನ್ನು ಬರೆದಿದ್ದ; ನಡುವಿನ ಹಾಳೆ ಮಾತ್ರ ಬಿಳಿಯಾಗಿಯೇ ಉಳಿದಿತ್ತು. ತೊಂಬತ್ತೊಂದರ ಜನಗಣತಿ ಶುರುವಾಗಿ ಎರಡು ವಾರದ ಮೇಲಾಗಿತ್ತು. ಬೆಳಿಗ್ಗೆ ಎದ್ದು ಚಹಾ ಕುಡಿದು, ಇಸ್ತ್ರಿಯ ಅಂಗಿ ತೊಟ್ಟು, ರಟ್ಟಿನ ಪ್ಯಾಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬೀಳುವಾಗೆಲ್ಲ ಇವತ್ತು ಅದೊಂದನ್ನು ಮುಗಿಸಿಬಿಡಬೇಕು ಅಂದುಕೊಳ್ಳುತ್ತಿದ್ದ. ಓಣಿಯ ತಿರುವಿಗೆ ಬರುವುದರೊಳಗೆ ಸಂಜೆ ನೋಡೋಣ ಅನ್ನಿಸುತ್ತಿತ್ತು. ಹನ್ನೊಂದು ಅವನದೇ ಮನೆ. ಅವನದೆಂದರೆ ಶೇಖರಮ್ಮನವರ ಅಂಗಳದಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಎರಡು ಕೋಣೆ. ತನ್ನ ಹೆಸರು, ಹೆಂಡತಿ ಗದ್ದೆಮ್ಮನ ಹೆಸರು, ಏಳು ವರ್ಷದ ಮಗಳು ಪಾರ್ವತಿಯ ಹೆಸರು ಬರೆಯಲು ಎರಡು ನಿಮಿಷ ಸಾಕು. ಆದರೆ ಇವರೆಲ್ಲರಿಗಿಂತ ಮೊದಲು, ಹಾಳೆಯ ತಲೆಯ ಮೇಲೆ, ಕುಟುಂಬದ ಯಜಮಾನ ಪರಿಶಿಷ್ಟ ಜಾತಿಯವನಾಗಿದ್ದರೆ ಆ ಜಾತಿಯ ಹೆಸರು ಎಂದು ಒಂದು ಕಾಲಮು ಇತ್ತು. ಎರಡು ಬೆರಳಗಲದ ಕಾಲಮು. ಮೂರು ಅಕ್ಷರಕ್ಕೆ ತುಂಬಿಹೋಗುತ್ತದೆ. ಆ ಮೂರು ಅಕ್ಷರ ಮೂರು ವರ್ಷದಿಂದ ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಾನೇನೂ ಸುಳ್ಳು ಹೇಳಿರಲಿಲ್ಲ ಎಂದು ಪಕೀರಪ್ಪ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಲಿಂಗಸುಗೂರಿನಿಂದ ಸಿಂಧನೂರಿಗೆ ಮಾಸ್ತರನಾಗಿ ವರ್ಗವಾಗಿ ಬಂದಾಗ ಹದಿನೇಳು ಮನೆ ನೋಡಿದ್ದ. ಎಲ್ಲ ಕಡೆಯೂ ಒಂದೇ ಪ್ರಶ್ನೆ, ಯಾವ ಪೈಕಿ ರಿ ನೀವು. ಉತ್ತರ ಕೇಳಿದ ಮೇಲೆ ಯಾರೂ ಬೈಯಲಿಲ್ಲ, ಯಾರೂ ಬಾಗಿಲು ಮುಚ್ಚಲಿಲ್ಲ. ಒಬ್ಬರಿಗೆ ಅಣ್ಣನ ಮಗ ಬರುವವನಿದ್ದ, ಇನ್ನೊಬ್ಬರಿಗೆ ನೆಲ್ಲಿನ ಚೀಲ ಇಡಲು ಜಾಗ ಬೇಕಿತ್ತು, ಮತ್ತೊಬ್ಬರು ಬೇಸಿಗೆ ಕಳೆಯಲಿ ಎಂದರು. ಆರ್.ಎಚ್. ಕ್ಯಾಂಪಿನ ನಿರಾಶ್ರಿತ ಬಂಗಾಲಿಗಳಿಗೂ ಕೊಡುವುದಿಲ್ಲ, ನಿಮಗೂ ಕೊಡುವುದಿಲ್ಲ ಎಂದು ಒಬ್ಬರು ಸಮಾನತೆ ತೋರಿಸಿದ್ದರು. ಹದಿನೆಂಟನೆಯದು ಶೇಖರಮ್ಮನವರದು. ಸೈಕಲ್ ಅಂಗಡಿಯ ಇಸ್ಮಾಯಿಲ್‌ಸಾಬ್ ಕರೆದುಕೊಂಡು ಹೋಗಿದ್ದ. ಮಸ್ಕಿ ಹತ್ತಿರದ ತನ್ನ ಹಳ್ಳಿಗೆ ಹೋಗಿ ಅವತ್ತೇ ಬಂದಿದ್ದ ಪಕೀರಪ್ಪನ ಹಣೆಯಲ್ಲಿ ಅವ್ವ ಹಚ್ಚಿದ ವಿಭೂತಿ ಇನ್ನೂ ಇತ್ತು. ಯಾವ ಪೈಕಿ ಎಂದು ಶೇಖರಮ್ಮ ಕೇಳಿದಾಗ ಅವನು ಮಸ್ಕಿ ಕಡೆಯವರು ಎಂದ. ಜಾತಿ ಕೇಳಿದರೆ ಊರು ಹೇಳುವ ಆ ವಿದ್ಯೆಯನ್ನು ಅವನು ಹದಿನೇಳು ಮನೆಗಳ ಮೆಟ್ಟಿಲ ಮೇಲೆ ಕಲಿತಿದ್ದ. ಆಕೆ ಅವನ ಹಣೆ ನೋಡಿ, ಮಲ್ಲಯ್ಯನ ಒಕ್ಕಲೇನು ಎಂದಳು. ಹೌದ್ರಿ ಎಂದ. ಅದು ನಿಜವೂ ಹೌದು. ಅಪ್ಪ, ಅಜ್ಜ ಎಲ್ಲರೂ ಊರ ಮಲ್ಲಯ್ಯನಿಗೇ ನಡೆದುಕೊಂಡವರು. ಕಾಯಿಯನ್ನು ಗುಡಿಯ ಹೊರಗಿನ ಕಲ್ಲಿನ ಮೇಲಿಟ್ಟು ದೂರ ಸರಿದು ನಿಲ್ಲುತ್ತಿದ್ದರು ಎಂಬುದನ್ನು ಆಕೆ ಕೇಳಲಿಲ್ಲ, ಇವನು ಹೇಳಲಿಲ್ಲ. ಹೊರಗೆ ಬಂದ ಮೇಲೆ ಇಸ್ಮಾಯಿಲ್‌ಸಾಬ್ ಬೀಡಿ ಹಚ್ಚಿ ಇವನ ಮುಖ ನೋಡದೆ, ನಾ ಏನೂ ಕೇಳಿಲ್ಲ ಮಾಸ್ತರ, ಖುಷ್ ಇರ್ರಿ, ಎಂದಿದ್ದ.

ಖುಷಿಯಾಗಿಯೇ ಇದ್ದರು, ಅದೇ ಕಷ್ಟ. ಶೇಖರಮ್ಮ ಕೆಟ್ಟವಳಾಗಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಗಂಡ ತೀರಿಕೊಂಡ, ದೊಡ್ಡ ಮೈಯ, ಮಂಡಿನೋವಿನ ಹೆಂಗಸು. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಿದ್ದಳು, ಗದ್ದೆಮ್ಮನಿಗೆ ಜ್ವರ ಬಂದಾಗ ಗಂಜಿ ಮಾಡಿ ತಂದು ಕುಡಿಸಿದ್ದಳು. ಮಗಳು ಪಾರು ಅಂತೂ ಆಕೆಯ ಮೊಮ್ಮಗಳು ಗ್ಯಾನಮ್ಮನ ಜೊತೆ ಒಂದೇ ಗಂಗಾಳದಲ್ಲಿ ಉಂಡು ಒಂದೇ ಕೌದಿಯಲ್ಲಿ ಮಲಗುತ್ತಿದ್ದಳು. ಆ ಗಂಗಾಳವನ್ನು ನೋಡಿದಾಗೆಲ್ಲ ಪಕೀರಪ್ಪನಿಗೆ ಒಂದು ಕ್ಷಣ ಹೆಮ್ಮೆ, ಮರುಕ್ಷಣ ಭಯ. ಓಣಿಯಲ್ಲಿ ಯಾರಾದರೂ ಇಬ್ಬರು ಪಿಸುಗುಟ್ಟಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವ್ವ ಬಸ್ಸಮ್ಮ ಮಗನ ಮನೆ ನೋಡಬೇಕೆಂದು ಮೂರು ಸಲ ಹೇಳಿ ಕಳಿಸಿದ್ದಳು. ಮೂರು ಸಲವೂ ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ ಎಂದು ಹೇಳಿದ್ದ. ಒಂದು ಸಲ ಆಕೆ ಕೇಳದೆ ಬಂದೇಬಿಟ್ಟಾಗ ಬಸ್ ಸ್ಟ್ಯಾಂಡಿನಲ್ಲೇ ಹಿಡಿದು, ಹೋಟೆಲಿನಲ್ಲಿ ಪೂರಿ ತಿನ್ನಿಸಿ, ಅದೇ ಬಸ್ಸಿನಲ್ಲಿ ಮಸ್ಕಿಗೆ ಹತ್ತಿಸಿದ್ದ. ಅವ್ವ ಕಿಟಕಿಯಲ್ಲಿ ತಲೆ ಹಾಕಿ, ಸುಣ್ಣದ ಮನೆಯಲ್ಲಿ ಕೂಸನ್ನು ಮಲಗಿಸಬೇಡಿ, ಕೆಮ್ಮು ಬರುತ್ತದೆ ಎಂದು ಹೇಳಿ ಹೋಗಿದ್ದಳು. ಆಕೆಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ಅವನಿಗೆ ತಿಳಿಯದು.

ಅವತ್ತು ಗಣತಿಗೆ ಕೇರಿಯ ಕೊನೆಯ ನಾಲ್ಕು ಮನೆ ಉಳಿದಿದ್ದವು. ಬಿಸಿಲು ಆಗಲೇ ಏರಿತ್ತು. ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಗಾಳಿಗೆ ಬಂದು ಪ್ಯಾಡಿನ ಮೇಲೆ ಕೂರುತ್ತಿತ್ತು, ಊದಿದರೆ ಕಾಗದಕ್ಕೆ ಕಪ್ಪಾಗಿ ಮೆತ್ತಿಕೊಳ್ಳುತ್ತಿತ್ತು. ಅವನ ಪಾಲಿಗೆ ಬಂದದ್ದು ತನ್ನದೇ ಓಣಿ, ಅದರ ಹಿಂದಿನ ಇನ್ನೊಂದು ಓಣಿ, ಕಾಲುವೆಯ ಕಡೆಗಿನ ಈ ಕೇರಿ. ಹಂಚಿದವರು ಯಾರೋ ನಕಾಶೆ ನೋಡಿ ಹಂಚಿದ್ದರು, ಆದರೂ ಬೇಕೆಂದೇ ಮಾಡಿದ್ದಾರೆ ಅನ್ನಿಸಿತ್ತು ಅವನಿಗೆ. ತರಬೇತಿಯಲ್ಲಿ ಹೇಳಿದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು. ಹರಿಜನ ಅನ್ನುವುದು ಜಾತಿಯ ಹೆಸರಲ್ಲ, ಹಾಗೆ ಬರೆದರೆ ಆ ಮನೆ ಯಾವುದಕ್ಕೂ ಸೇರುವುದಿಲ್ಲ, ಪಟ್ಟಿಯಲ್ಲಿರುವ ಹೆಸರನ್ನೇ ಅವರಿಂದ ಕೇಳಿ ಬರೆಯಬೇಕು. ಹೇಳುವವರು ಅದನ್ನು ಹೇಳುವಾಗ ಆ ಕೋಣೆಯಲ್ಲಿದ್ದ ಮೂವರು ನಾಲ್ವರು ಮಾಸ್ತರರು ತಲೆ ತಗ್ಗಿಸಿ ಏನನ್ನೋ ಬರೆದುಕೊಂಡಿದ್ದರು. ಪಕೀರಪ್ಪ ತಗ್ಗಿಸಿರಲಿಲ್ಲ. ತಗ್ಗಿಸಿದರೆ ಗೊತ್ತಾಗುತ್ತದೆಂದು ಎದುರಿನ ಗೋಡೆಯನ್ನು ದಿಟ್ಟಿಸಿ ಕೂತಿದ್ದ. ಕೇರಿಯ ಮೊದಲ ಮನೆಯಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬ, ಧರ್ಮ ಬೌದ್ಧ, ಜಾತಿ ಇದು, ಎರಡನ್ನೂ ಸರಿಯಾಗಿ ಬರೆದು ತೋರಿಸಿ ಎಂದು ಇವನ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಿದ್ದ, ಮೋಸ ಮಾಡುವ ಮೇಲುಜಾತಿಯವನೊಬ್ಬನನ್ನು ಕಾಯುವ ಹಾಗೆ. ಆ ನೋಟದಿಂದ ಇವನಿಗೆ ನೋವಾಗುವ ಬದಲು ಒಳಗೊಳಗೇ ಹಿತವಾಗಿತ್ತು. ನಾಚಿಕೆಯಾದದ್ದು ಮನೆ ದಾಟಿದ ಮೇಲೆ.

ತಿಮ್ಮವ್ವನದು ಕೇರಿಯ ಕಟ್ಟಕಡೆಯ ಮನೆ. ಇವನನ್ನು ದೂರದಿಂದ ಕಂಡವಳೇ ಎದುರು ಮನೆಯ ಜಂಗ್ಲಿಸಾಬನ ಅಂಗಡಿಯಿಂದ ಒಂದು ಸ್ಟೂಲು ತರಿಸಿದಳು, ತಮ್ಮ ಹೊರಸಿನ ಮೇಲೆ ಸಾಹೇಬರು ಕೂರುವುದಿಲ್ಲವೆಂದು. ತಾನು ನಾಲ್ಕು ಮಾರು ದೂರದಲ್ಲಿ ನೆಲಕ್ಕೆ ಕೂತಳು. ವಯಸ್ಸು ಕೇಳಿದರೆ, ಡ್ಯಾಮಿನ ಕಾಲುವೆಗೆ ಮೊದಲ ಸಲ ನೀರು ಬಂದಾಗ ಹಿರಿಮಗ ಮೊಲೆ ಬಿಟ್ಟಿದ್ದ ಎಂದಳು. ಅವನು ಲೆಕ್ಕ ಹಾಕಿ ಅರವತ್ತು ಎಂದು ಬರೆದ. ಮಗ ಬಳ್ಳಾರಿಯ ಕಡೆ ಗೋಡೆ ಕಟ್ಟಲು ಹೋಗಿ ಬಾರದೆ ಎರಡು ವರ್ಷ, ಸೊಸೆ ತವರಲ್ಲಿ, ಮನೆಗೆ ಈಗ ತಾನೊಬ್ಬಳೇ ಯಜಮಾನಿ ಎಂದು ನಕ್ಕಳು. ನಕ್ಕಾಗ ಆಕೆಯ ಕೆಳಗಿನ ಎರಡು ಹಲ್ಲು ಕಂಡವು, ಅವ್ವನಿಗೂ ಅವೆರಡೇ ಉಳಿದಿವೆ. ಜಾತಿ ಯಾವುದು ಎಂದು ಕೇಳಿದ. ಹರಿಜನರಿ ಎಂದಳು. ಹಾಗೆ ಬರೆಯಲು ಬರುವುದಿಲ್ಲ ಎಂದ. ಹಾಗಾದರೆ ಹೊರಗಿನವರು ಅಂತ ಬರೆದುಕೊಳ್ಳಿ ಎಂದಳು. ಅದೂ ಬರುವುದಿಲ್ಲ ಎಂದ. ಆಕೆ ಇವನ ಅಂಗಿ, ಪೆನ್ನು, ಕೈಗಡಿಯಾರ ಒಂದೊಂದನ್ನೇ ನೋಡಿದಳು.

"ನಿಮ್ಮಂಥೋರ ಮುಂದ ಹೆಂಗ ಅನ್ನೂದ್ರಿ? ನಿಮಗ ಗೊತ್ತ ಐತಲ್ರಿ, ನೀವ ಬರಕೋರಿ."

ಗೊತ್ತಿತ್ತು. ಬರೆದುಕೊಳ್ಳಬಹುದಿತ್ತು. ಆ ಕೇರಿಯ ಎಷ್ಟೋ ಮನೆಗಳಲ್ಲಿ, ಹೇಳಲು ತಡವರಿಸಿದವರನ್ನು ಬಲವಂತ ಮಾಡದೆ ತಾನೇ ಬರೆದು ತಲೆಯಾಡಿಸಿ ಮುಂದೆ ಹೋಗಿದ್ದ. ಈಕೆಯ ಮುಂದೆ ಯಾಕೆ ಹಟ ಬಂತೋ ಅವನಿಗೇ ತಿಳಿಯಲಿಲ್ಲ. ಹಟ ಎನ್ನುವುದೂ ಸರಿಯಲ್ಲ. ಆಕೆಯ ಬಾಯಿಂದ ಅದನ್ನು ಹೊರಡಿಸಿದರೆ ತನ್ನ ಹೊಟ್ಟೆಯಲ್ಲಿ ಕೂತದ್ದೇನೋ ಸಡಿಲಾಗುತ್ತದೆ ಎಂಬ ಹಾಗೆ, ಕೆಟ್ಟ ಆಸೆ.

"ಬಾಯಿಬಿಟ್ಟು ಹೇಳಬೇಕವ್ವ. ಹೇಳಲಿಲ್ಲಂದ್ರ ಲೆಕ್ಕಕ್ಕ ಬರಂಗಿಲ್ಲ."

ತಿಮ್ಮವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತ, ಕೇಳಿಸಿತೋ ಇಲ್ಲವೋ ಎಂಬಂತೆ ಹೇಳಿದಳು. ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಕೇಳಿಸಲಿಲ್ಲ ಎಂದ. ಹೇಳಿದ ಮೇಲೆ ತನ್ನ ಧ್ವನಿ ಲಿಂಗಸುಗೂರಿನ ಹಳೆಯ ಶಾಲೆಯ ಯಾವನೋ ಒಬ್ಬ ಮೇಲುಜಾತಿಯ ಮಾಸ್ತರನ ಧ್ವನಿಯಂತಿದೆ ಅನ್ನಿಸಿತು. ಆಕೆ ಸೆರಗು ಹಿಂದಕ್ಕೆ ಸರಿಸಿ ಮುಖ ಎತ್ತಿದಳು.

"ಮಾದಿಗ್ರು. ಮಾದಿಗ್ರರಿ ನಾವು. ಬರಕೋರಿ."

ಅಕ್ಕಪಕ್ಕದ ಮನೆಗಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಎರಡನೆಯ ಸಲ ಆಕೆಯ ಧ್ವನಿಯಲ್ಲಿ ಸಂಕೋಚವಿರಲಿಲ್ಲ. ಇಷ್ಟು ಬೇಕಿತ್ತೇನು ನಿನಗೆ, ತಗೋ, ಎಂಬಂತಿತ್ತು. ಪಕೀರಪ್ಪ ಬರೆದುಕೊಂಡ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಮಕ್ಕಳಿಗೆ ಪಾಠ ಮಾಡುವ ಮಾಸ್ತರ ತಾನು, ತನ್ನ ಹಾಳೆ ಖಾಲಿ ಇದೆ ಎಂದು ಆ ಬಿಸಿಲಿನಲ್ಲಿ ನೆನಪಾಯಿತು. ಗಂಟಲು ಒಣಗಿ ಎಂಜಲು ನುಂಗಿದ್ದು ತಿಮ್ಮವ್ವನ ಕಣ್ಣಿಗೆ ಬಿತ್ತು. ಆಕೆಯ ಬೆನ್ನ ಹಿಂದೆಯೇ ಬಾಗಿಲ ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಮಡಕೆ ಇತ್ತು, ಮೇಲೆ ಬೆಳಗಿದ ಹಿತ್ತಾಳೆ ಚೆಂಬು. ಅದರಿಂದ ಒಂದು ಚೆಂಬು ಕೊಡವ್ವ ಎಂದರೆ ಮುಗಿದಿತ್ತು. ಬಾಯಿಗೆ ಬಂತು ಕೂಡ. ಆದರೆ ಕೇಳಿದರೆ ಆಕೆ ಯಾಕೆ ಎಂದು ನೋಡುತ್ತಾಳೆ, ಯಾಕೆಂಬುದನ್ನು ಹೇಳಬೇಕಾಗುತ್ತದೆ, ಹೇಳಿದರೆ ಆ ಮಾತು ಈ ಕೇರಿಯಿಂದ ತನ್ನ ಓಣಿಗೆ ತಲುಪಲು ಎಷ್ಟು ಹೊತ್ತು. ತಿಮ್ಮವ್ವನೇ ಎದುರು ಮನೆಯ ಕಡೆ ತಿರುಗಿ, ಸಾಹೇಬರಿಗೆ ನೀರು ಬೇಕಂತ ಎಂದು ಕೂಗಿದಳು. ಜಂಗ್ಲಿಸಾಬನ ಹೆಂಡತಿ ಜುಬೇದಾಬೀ ಸ್ಟೀಲಿನ ಲೋಟದಲ್ಲಿ ನೀರು ತಂದು, ತಿಮ್ಮವ್ವನನ್ನು ಸುತ್ತುಹಾಕಿ ಬಂದು, ಅವನ ಕೈಗೇ ಕೊಟ್ಟಳು. ಸಾಹೇಬರು ಬಂದಾಗ ಆ ಕೇರಿಯಲ್ಲಿ ಹಾಗೆಯೇ ನಡೆದುಕೊಂಡು ಬಂದಿರಬೇಕು. ಇಬ್ಬರಲ್ಲಿ ಒಬ್ಬರೂ ಅದನ್ನು ವಿಶೇಷವೆಂದು ಎಣಿಸಲಿಲ್ಲ. ಪಕೀರಪ್ಪ ಗಟಗಟನೆ ಕುಡಿದ. ಕುಡಿಯುವಾಗ ಮಡಕೆ ಕಣ್ಣಿಗೆ ಬೀಳದ ಹಾಗೆ ತಲೆ ಮೇಲಕ್ಕೆತ್ತಿದ್ದ. ಲೋಟ ತಿರುಗಿ ಕೊಟ್ಟಾಗ ತಿಮ್ಮವ್ವನ ಮುಖದಲ್ಲಿ ಸಮಾಧಾನವಿತ್ತು, ಮನೆಗೆ ಬಂದವರು ನೀರು ಕುಡಿದರಲ್ಲ ಎಂಬ ಸಮಾಧಾನ. ಇಷ್ಟು ವರ್ಷ ಇತರರು ತನಗೆ ಮಾಡಿದ್ದನ್ನು ಇವತ್ತು ತಾನು ಮಾಡಿದೆ, ಅದೂ ತನ್ನ ಅವ್ವನಂಥವಳಿಗೆ, ಎಂದು ಅವನಿಗೆ ಅನ್ನಿಸಿದ್ದು ಕಾಲುವೆಯ ಸೇತುವೆಯ ಹತ್ತಿರ. ಅಲ್ಲಿ ಸೈಕಲ್ ಇಳಿದು ಸುಮ್ಮನೆ ನಿಂತ. 

ಗಣತಿಯ ಮೇಲ್ವಿಚಾರಕರು ವೆಂಕೋಬ ಮಾಸ್ತರು, ಇನ್ನೆರಡು ವರ್ಷಕ್ಕೆ ನಿವೃತ್ತರಾಗುವ ಹೆಡ್‌ಮಾಸ್ತರು. ಮಧ್ಯಾಹ್ನ ಶಾಲೆಯ ವರಾಂಡದಲ್ಲಿ ಕೂತು ಇವನ ಹಾಳೆಗಳನ್ನು ಬೆರಳಿಗೆ ಎಂಜಲು ಹಚ್ಚಿ ಒಂದೊಂದಾಗಿ ಮಗುಚಿದರು. ಹತ್ತರ ನಂತರ ಬೆರಳು ನಿಂತಿತು. ಆಮೇಲೆ ಮುಂದಿನದನ್ನು ಮಗುಚಿತು. ಪಕೀರಪ್ಪ ಕಂಬಕ್ಕೆ ಒರಗಿ ನಿಂತು ಅವರ ಬೋಳುತಲೆಯ ಮೇಲೆ ಕೂತ ಬೂದಿಯ ಚೂರನ್ನು ನೋಡುತ್ತಿದ್ದ. ಇವರಿಗೆ ಗೊತ್ತು. ಲಿಂಗಸುಗೂರಿನಲ್ಲಿ ಎರಡು ವರ್ಷ ಒಂದೇ ಶಾಲೆಯಲ್ಲಿದ್ದರು. ಅಲ್ಲಿ ಮಾಸ್ತರರ ಕೋಣೆಯ ಗೋಡೆಯಲ್ಲಿ ಎಂಟು ಮೊಳೆ, ಮೊಳೆಗೊಂದು ಚಹಾದ ಕಪ್ಪು. ಒಂಬತ್ತನೆಯದು, ಪಕೀರಪ್ಪನದು, ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿ ಇರುತ್ತಿತ್ತು. ಮೊಳೆ ಸಾಲದು ಎಂದು ಜವಾನ ಹೇಳುತ್ತಿದ್ದ. ಪಕೀರಪ್ಪ ಒಂದು ದಿನ ಅಂಗಡಿಯಿಂದ ಮೊಳೆ ತಂದು ತಾನೇ ಹೊಡೆದ. ಮರುದಿನ ಆ ಮೊಳೆಗೆ ಹಾಜರಿ ಪುಸ್ತಕ ತೂಗುಬಿದ್ದಿತ್ತು. ವೆಂಕೋಬ ಮಾಸ್ತರು ಆಗಲೂ ಏನೂ ಅಂದವರಲ್ಲ. ಅವರು ಚಹಾ ಕುಡಿಯುವಾಗ ಯಾವಾಗಲೂ ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ಅಷ್ಟೇ. ಸಿಂಧನೂರಿಗೆ ಬಂದ ಮೇಲೂ ಇವನ ವಿಷಯ ಯಾರಲ್ಲೂ ಆಡಿರಲಿಲ್ಲ. ಅದು ದೊಡ್ಡತನವೋ, ಕಿಟಕಿಗೆ ಬೆನ್ನು ಹಾಕುವ ಹಳೆಯ ರೂಢಿಯೋ ಎಂದು ಪಕೀರಪ್ಪ ಎಷ್ಟೋ ಸಲ ಯೋಚಿಸಿದ್ದ. ಹಾಳೆಗಳನ್ನು ಜೋಡಿಸಿ ದಾರ ಕಟ್ಟುತ್ತ ಅವರು, ತಮ್ಮ ಮನೆಯನ್ನು ತಾವೇ ಬರೆಯುವುದು ಅಷ್ಟು ಚೆನ್ನಾಗಿರುವುದಿಲ್ಲ, ನಾಳೆ ಬೆಳಿಗ್ಗೆ ನಾನೇ ಬಂದು ಬರೆದುಕೊಳ್ಳುತ್ತೇನೆ, ಎಂದರು. ಹಾಗೊಂದು ನಿಯಮ ಇರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಸಂಜೆ ನಲ್ಲಿಯಲ್ಲಿ ನೀರು ಬಂದಾಗ ಗದ್ದೆಮ್ಮ ಕೊಡ ಹಿಡಿದು ಕೂತಿದ್ದಳು. ಅಂಗಳದ ಮೂಲೆಯ ನಲ್ಲಿ, ಕೆಳಗೆ ಒಂದು ಶಹಾಬಾದಿ ಕಲ್ಲು. ಮದುವೆಯಾಗುವ ತನಕ ಆಕೆ ಬಾವಿಯ ಹತ್ತಿರ ಬಿಂದಿಗೆ ಇಟ್ಟು, ಯಾರಾದರೂ ಬಂದು ಸೇದಿ ಹೊಯ್ಯಲಿ ಎಂದು ಗಂಟೆಗಟ್ಟಲೆ ಕಾದವಳು. ಈ ಮನೆಗೆ ಬಂದ ಮೊದಲ ದಿನ ನಲ್ಲಿಯನ್ನು ತಿರುಗಿಸಿ, ಮತ್ತೆ ನಿಲ್ಲಿಸಿ, ಮತ್ತೆ ತಿರುಗಿಸಿ, ಮೂರು ನಾಲ್ಕು ಸಲ ಹಾಗೆ ಮಾಡಿದ್ದನ್ನು ಪಕೀರಪ್ಪ ಒಳಗಿನಿಂದ ನೋಡಿದ್ದ, ನೋಡಿದೆನೆಂದು ಹೇಳಿರಲಿಲ್ಲ. ನಾಳೆ ವೆಂಕೋಬ ಮಾಸ್ತರು ಬರುತ್ತಾರೆ ಎಂದ. ಯಾಕೆಂದು ಆಕೆ ಕೇಳಲಿಲ್ಲ. ತಿಮ್ಮವ್ವನ ವಿಷಯ ಹೇಳಿದ, ನೀರಿನ ವಿಷಯವನ್ನೂ ಹೇಳಿದ. ಶೇಖರಮ್ಮ ಒಳಗೆ ರೇಡಿಯೋ ಹಚ್ಚಿದ್ದಳು, ಆದರೂ ಇಬ್ಬರೂ ಧ್ವನಿ ತಗ್ಗಿಸಿಯೇ ಮಾತಾಡಿದರು. ಮೂರು ವರ್ಷದಲ್ಲಿ ಅವರ ಧ್ವನಿಗಳಿಗೆ ಅದು ಅಭ್ಯಾಸವಾಗಿತ್ತು.

"ಕಾಗದದಾಗ ನಾವು ಮೂರು ಮಂದಿ ಕಡಿಮಿ ಆದ್ರ ಯಾರಿಗೆ ಏನಾಗತೈತಿ?" ಎಂದಳು ಗದ್ದೆಮ್ಮ. "ನನಗ ಈ ನಲ್ಲಿ ಕಡಿಮಿ ಆಗಬಾರದು ನೋಡು."

 ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು, ಆಕೆ ನಲ್ಲಿ ನಿಲ್ಲಿಸಲಿಲ್ಲ. ಕೊಡದ ಬಾಯಿಯ ಮೇಲೆ ಕೈಯಿಟ್ಟು, ಆ ಮುದುಕಿ ನೀರು ಕುಡಿಸಿ ಸಮಾಧಾನಪಟ್ಟಳೇ ಎಂದು ಕೇಳಿದಳು. ಹೌದು ಎಂದ. ಹಾಗಾದರೆ ನಿನ್ನ ಮನಸ್ಸಿಗೆ ಬಂದದ್ದು ಮಾಡು, ನನ್ನನ್ನು ಕೇಳಬೇಡ ಎಂದು ಕೊಡ ಎತ್ತಿಕೊಂಡು ಒಳಗೆ ಹೋದಳು. ಆಕೆಗೆ ಸಿಟ್ಟು ಬಂದಿತ್ತು, ಅವನ ಮೇಲೋ ಮುದುಕಿಯ ಮೇಲೋ ಗೊತ್ತಾಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಅವತ್ತು ಬಹಳ ಜೋರಾಗಿತ್ತು.

ಬೆಳಿಗ್ಗೆ ಎಂಟಕ್ಕೆ ವೆಂಕೋಬ ಮಾಸ್ತರು ಬಂದರು. ಶೇಖರಮ್ಮ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು ಅಂಗಳಕ್ಕೆ ಕುರ್ಚಿ ಹಾಕಿಸಿ, ಚಹಾ ಮಾಡಲೇನು ಎಂದು ಕೇಳಿದಳು. ಮಾಸ್ತರು ಕೈಮುಗಿದು ಬೇಡ ಎಂದರು. ಗದ್ದೆಮ್ಮ ನಲ್ಲಿಯ ಹತ್ತಿರ ಪಾತ್ರೆ ಬೆಳಗುತ್ತಿದ್ದಳು. ಪಾರು ಎಂದಿನಂತೆ ಶೇಖರಮ್ಮನ ಅಡುಗೆಮನೆಯಲ್ಲಿ ಗ್ಯಾನಮ್ಮನ ಜೊತೆ ತಿನ್ನುತ್ತ ಕೂತಿದ್ದಳು. ಇಬ್ಬರೂ ಯಾವುದಕ್ಕೋ ಬಿದ್ದುಬಿದ್ದು ನಗುವುದು ಹೊರಗೆ ಕೇಳುತ್ತಿತ್ತು. ಪಕೀರಪ್ಪ ಮಾಸ್ತರರ ಎದುರಿಗೆ ನಿಂತ. ರಾತ್ರಿಯೆಲ್ಲ ಏನು ಹೇಳಬೇಕೆಂದು ನಿರ್ಧರಿಸಿದ್ದನೋ ಅದು ಈಗ ನೆನಪಿಗೇ ಬರಲಿಲ್ಲ. ನೆನಪಾದದ್ದು, ಪಾರು ಇನ್ನೊಂದು ಹತ್ತು ನಿಮಿಷ ಒಳಗೇ ಇರಲಿ ಎಂಬ ಒಂದೇ ಮಾತು. ಮಾಸ್ತರು ಮನೆಯ ನಂಬರು ಬರೆದರು, ಯಜಮಾನನ ಹೆಸರು ಬರೆದರು, ಮತ್ತು ಪೆನ್ನು ಆ ಕಾಲಮಿನ ಮೇಲೆ ಬಂದು ನಿಂತಿತು. ಅವರು ಕಟ್ಟೆಯ ಕಡೆ ಒಮ್ಮೆ ನೋಡಿ, ಮುಂದಕ್ಕೆ ಬಾಗಿ, ಇವನಿಗಷ್ಟೇ ಕೇಳುವ ಹಾಗೆ ಹೇಳಿದರು.

"ಇದೊಂದು ಇರಲಿ ಬಿಡ್ರಿ. ನನಗ ಗೊತ್ತದ. ಆಫೀಸಿನ್ಯಾಗ ಕೂತು ತುಂಬ್ಕೋತೀನಿ."

 ಎಷ್ಟು ಸುಲಭ. ಲೆಕ್ಕಕ್ಕೂ ಬಂದಹಾಗೆ, ಮನೆಯೂ ಉಳಿದಹಾಗೆ. ನಲ್ಲಿ, ಗಂಗಾಳ, ಹೋಳಿಗೆ ಎಲ್ಲ ಇದ್ದಲ್ಲೇ ಇರುತ್ತವೆ. ಆ ಬೋಳುತಲೆಗೆ ಕೈಮುಗಿಯಬೇಕೆನ್ನುವಷ್ಟು ಕೃತಜ್ಞತೆ ಉಕ್ಕಿತು. ಹದಿನೇಳು ಮನೆಗಳಲ್ಲಿ ಒಬ್ಬರಾದರೂ ಇಷ್ಟು ಮೆತ್ತಗೆ ಮಾತಾಡಿರಲಿಲ್ಲ. ಆದರೆ ಆ ಮೆತ್ತನೆಯ ಮಾತು ಬಾಯಲ್ಲಿಟ್ಟ ಬಿಸಿ ತುಪ್ಪದ ಹಾಗಾಯಿತು, ಉಗುಳಲಾರ, ನುಂಗಲಾರ. ಇವರು ಈಗಲೂ ಆ ಕಿಟಕಿಗೆ ಬೆನ್ನು ಹಾಕಿಯೇ ಇದ್ದಾರೆ. ರೋಗದ ಹೆಸರನ್ನು ರೋಗಿಯ ಮುಂದೆ ಹೇಳದ ಡಾಕ್ಟರನ ಹಾಗೆ ಧ್ವನಿ ತಗ್ಗಿಸಿದ್ದಾರೆ, ಅದು ಅವರ ಪ್ರೀತಿಯೇ ಇರಬಹುದು. ನಿನ್ನೆ ಬಿಸಿಲಿನಲ್ಲಿ ಒಬ್ಬ ಮುದುಕಿ ನೀವೇ ಬರೆದುಕೊಳ್ಳಿ ಎಂದು ಇದೇ ಸವಲತ್ತು ಕೇಳಿದಾಗ ಆಕೆಗೆ ಅದು ಸಿಗಲಿಲ್ಲ. ಕೊಡದೆ ಇದ್ದವನು ತಾನು. ಆಕೆಗೆ ಇಲ್ಲದ ಮರ್ಯಾದೆ ತನಗೆ ಯಾವ ಲೆಕ್ಕದಲ್ಲಿ ಬರುತ್ತದೆ, ಇಸ್ತ್ರಿಯ ಅಂಗಿಯ ಲೆಕ್ಕದಲ್ಲೇ? ನಲ್ಲಿಯ ಕಡೆ ನೋಡಿದ. ಗದ್ದೆಮ್ಮ ಬೆಳಗುವ ಕೈ ನಿಲ್ಲಿಸಿ ಇವನನ್ನೇ ನೋಡುತ್ತಿದ್ದಳು. ಬೇಡ ಎನ್ನುತ್ತಿದ್ದಾಳೋ ಹೇಳು ಎನ್ನುತ್ತಿದ್ದಾಳೋ ಆ ಮುಖದಲ್ಲಿ ಓದಲಾಗಲಿಲ್ಲ. ಅವನಿಗೆ ತುಂಬ ಹೆದರಿಕೆಯಾಯಿತು.

"ಈಗ ಬರೀರಿ ಸರ," ಎಂದ. "ಮಾದಿಗ ಅಂತ ಬರೀರಿ."

ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು. ಕಟ್ಟೆಯ ಮೇಲೆ ಮೊರದ ಸಪ್ಪಳ ನಿಂತಿತು. ವೆಂಕೋಬ ಮಾಸ್ತರು ಬರೆದರು. ಮೂರು ಅಕ್ಷರಕ್ಕೆ ಅಷ್ಟು ಹೊತ್ತು ಬೇಕಾಗುತ್ತದೆಂದು ಪಕೀರಪ್ಪನಿಗೆ ಗೊತ್ತಿರಲಿಲ್ಲ. ಶೇಖರಮ್ಮ ಬೈಯಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದಳು. ಆಕೆಯ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಮನೆಯಲ್ಲಿ ಏನೋ ಕಳುವಾಗಿದೆ, ಏನೆಂದು ಇನ್ನೂ ತಿಳಿದಿಲ್ಲ ಎನ್ನುವವರ ಗಾಬರಿ ಇತ್ತು. ಬಾಗಿಲಿಗೆ ಹೋಗಿ ಒಳಗೆ ಕರೆದಳು.

"ಪಾರೂ, ಹೊರಗ ಬಾರವ್ವ."

ಇನ್ನೂ ತಿನ್ನುತ್ತಿದ್ದೇನೆ ಎಂದು ಒಳಗಿನಿಂದ ಪಾರು ಕೂಗಿದಳು. ಹಾಗೇ ಬಾ ಎಂದಳು ಶೇಖರಮ್ಮ. ಅವ್ವ ಎಂದು ಮತ್ತೊಮ್ಮೆ ಸೇರಿಸಿದಳು, ಮೂರು ವರ್ಷದ ಅಭ್ಯಾಸ ಬಾಯಿಂದ ಅಷ್ಟು ಬೇಗ ಹೋಗುವುದಿಲ್ಲ. ಪಾರು ಕೈಯಲ್ಲಿ ಅರ್ಧ ರೊಟ್ಟಿ, ಬೆರಳಿಗೆಲ್ಲ ಶೇಂಗಾ ಹಿಂಡಿ ಮೆತ್ತಿಕೊಂಡು ಹೊರಗೆ ಬಂದಳು. ಹಿಂದೆಯೇ ಓಡಿಬಂದ ಗ್ಯಾನಮ್ಮನಿಗೆ ಶೇಖರಮ್ಮ ಬಾಗಿಲಿಗೆ ಅಡ್ಡಲಾಗಿ ಕೈ ಹಿಡಿದಳು. ಗದ್ದೆಮ್ಮ ಬೆಳಗಿದ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಕಲ್ಲಿನಿಂದ ಇಳಿದು ನಿಂತಳು. ಯಾರೂ ಹೇಳಿರಲಿಲ್ಲ ಆಕೆಗೆ ಇಳಿ ಎಂದು. ಪಕೀರಪ್ಪನಿಗೆ ಅಳು ಬಂತು, ಅಳಲಿಲ್ಲ. ವೆಂಕೋಬ ಮಾಸ್ತರು ಗಂಟಲು ಸರಿಮಾಡಿಕೊಂಡು, ಹಾಳೆಯಿಂದ ಕಣ್ಣೆತ್ತದೆ ಮುಂದಿನ ಪ್ರಶ್ನೆಗಳನ್ನು ಕೇಳತೊಡಗಿದರು. ಹೆಂಡತಿಯ ಹೆಸರು. ಮಗಳ ಹೆಸರು. ವಯಸ್ಸು. ಏಳು ಎಂದ. ತುಂಬಿದೆಯೇ ಎಂದು ಕೇಳಿದರು, ಏಳು ತುಂಬಿದವರಿಗೆ ಮಾತ್ರ ಓದು ಬರಹದ ಕಾಲಮು. ತುಂಬಿದೆ ಎಂದ. ಹುಡುಗಿಗೆ ಓದಲು ಬರುತ್ತದೆಯೇ ಎಂದರು.

ಪಾರುವಿಗೆ ಆ ಪ್ರಶ್ನೆಯಿಂದ ಅವಮಾನವಾಯಿತು. ಅಪ್ಪನ ಉತ್ತರಕ್ಕೆ ಕಾಯದೆ ಕುರ್ಚಿಯ ಹತ್ತಿರ ಬಂದು, ರೊಟ್ಟಿಯನ್ನು ಎಡಗೈಗೆ ಬದಲಾಯಿಸಿ, ಮಾಸ್ತರರ ತೊಡೆಯ ಮೇಲಿನ ಹಾಳೆಗೆ ಬಾಗಿದಳು. ಎಲ್ಲಕ್ಕಿಂತ ಮೇಲೆ, ಶಾಯಿ ಇನ್ನೂ ಆರದ ಕಡೆಗೆ ಬೆರಳಿಟ್ಟು, ಶಾಲೆಯಲ್ಲಿ ಎದ್ದು ನಿಂತು ಓದುವ ಹಾಗೆ, ಅಂಗಳಕ್ಕೆಲ್ಲ ಕೇಳುವಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಮಾ, ದಿ, ಗ. ಮಾದಿಗ."

ಓದಿ ಮುಖ ಎತ್ತಿ, ಶಹಭಾಸ್ ಅನ್ನಲಿ ಎಂದು ಒಬ್ಬೊಬ್ಬರನ್ನೇ ನೋಡಿದಳು. ಮಾಸ್ತರು ಹೌದು ಎಂದು ಬರೆದುಕೊಂಡರು. ಬಾಗಿಲಲ್ಲಿ ಶೇಖರಮ್ಮನ ಕೈ ಹಾಗೆಯೇ ಇತ್ತು.

"ಹಂಗಂದ್ರೇನಪ್ಪಾ?"

ಪಕೀರಪ್ಪ ಮಗಳ ಎದುರು ಕುಕ್ಕರಗಾಲಲ್ಲಿ ಕೂತ. ಆಕೆಯ ಹಿಂಡಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾವು, ಪಾರು," ಎಂದ. "ಹಂಗಂದ್ರ ನಾವು."